ಸೋತವರು ಗೆದ್ದ ನಾಟಕದ ತಾಲೀಮಿಗೆ

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಸಿಟಿಯ ನನ್ನ ಅಪಾರ್ಟ್‌ಮೆಂಟಿನ ಕೆಳಗೆ ಕುಲಕರ್ಣಿ ಅಂಕಲ್ ಕಾರು ನಿಲ್ಲಿಸಿದರು. ೨೦೦೪ರ ಚುನಾವಣೆ ಮುಗಿದು ನಾಲ್ಕು ದಿನವಾಗಿತ್ತು. ಇರಾಕಿಗೆ ಸೈನ್ಯ ಕಳಿಸಿದ್ದ, ಆಗ ಇದ್ದ ಅಧ್ಯಕ್ಷರೇ ಮತ್ತೆ ಗೆದ್ದಿದ್ದರು. ವಾರವಿಡೀ ಲ್ಯಾಬ್‌ನಲ್ಲಿ ದಣಿದಿದ್ದ ನನಗೆ ನೂರು ಮೈಲಿಯ ಪ್ರಯಾಣ ಬೇಕಿರಲಿಲ್ಲ. ಆದರೆ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆ ಪ್ರಾಂಪ್ಟ್ ಮಾಡುವವಳು, ಅಂದರೆ ನಟರು ಮರೆತ ಸಾಲು ಹೇಳಿಕೊಡುವವಳು, ನಾನು. ಪರದೆಯ ಹಿಂದೆಯೇ ಇರಬಹುದಲ್ಲ ಎಂದು ಒಪ್ಪಿಕೊಂಡಿದ್ದೆ.

ನಾಟಕ ಬರೆದದ್ದು ಅಂಕಲ್. ಅದರಲ್ಲಿ ಹಿಂದಿನ ಸಲ, ೨೦೦೦ದ ಚುನಾವಣೆಯಲ್ಲಿ, ನಿಜದಲ್ಲಿ ಸೋತವರು ಗೆದ್ದಿರುತ್ತಾರೆ, ಹಾಗಾಗಿ ಇರಾಕಿನ ಯುದ್ಧ ಆಗಿರುವುದೇ ಇಲ್ಲ. ಒಂದು ಕನ್ನಡ ಮನೆಯವರು ಮಗನ ಜೊತೆ ಊಟಕ್ಕೆ ಕೂತು ಮಾತಾಡುತ್ತಾರೆ, ಅಷ್ಟೇ.

ಕರ್ನಿ ಮೆಸಾದಲ್ಲಿ ಸುಮತಿ ಆಂಟಿ ಹತ್ತಿದರು. ಉಡುಪಿಯವರು, ಈಗ ಕರ್ನಿ ಮೆಸಾದಲ್ಲೇ ಗಂಡನ ಜೊತೆ ಪುಟ್ಟ ಹೋಟೆಲು ನಡೆಸುತ್ತಾರೆ. ನಾಟಕದ ತಾಯಿ ಅವರೇ. ಅವರ ಸ್ವಂತ ಮಗ ಇರಾಕಿನಲ್ಲಿ ಸೈನಿಕ. ಅವರಿಗೆ ಸಮಾಧಾನವಾಗಲೆಂದೇ ಬರೆದೆ ಎಂದು ಅಂಕಲ್ ನನಗೆ ಹಿಂದೆ ಹೇಳಿದ್ದರು. ಮಗನ ಫೋನು ಬಂದು ಒಂಬತ್ತು ದಿನವಾಯಿತೆಂದು ಆಂಟಿ ಹವೆಯ ವಿಚಾರ ಹೇಳುವಷ್ಟೇ ಸಪ್ಪೆಯಾಗಿ ಹೇಳಿ, ನನ್ನ ಕೈಗೆ ಇಡ್ಲಿ ಡಬ್ಬಿ ಕೊಟ್ಟರು.

ಒಣ ಗಾಳಿ. ಅರ್ವೈನ್ ಬಳಿ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಾರು ತೆವಳಿತು. ಭಾರತೀಯ ಅಂಗಡಿಗಳ ಊರಾದ ಆರ್ಟೀಸಿಯಾ ತಲುಪಿದಾಗ ಹನ್ನೊಂದು. ಒಂದು ಸ್ವೀಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಲೀಮು; ಕಾದ ತುಪ್ಪದ ವಾಸನೆಗೆ ನನಗೆ ತಲೆನೋವು ಶುರುವಾಯಿತು. ಲಾಸ್ ಏಂಜಲೀಸ್ ಕಡೆಯ ನಟರು ಆಗಲೇ ಬಂದಿದ್ದರು.

ಎಲ್ಲ ಸರಿಯಾಗಿಯೇ ನಡೆಯಿತು, ಆಂಟಿಯ ಒಂದು ಸಾಲಿನವರೆಗೆ: "ಅವತ್ತು ನಾನು ಹಾಕಿದ ಓಟು ಇವತ್ತು ನನ್ನ ಮಗನನ್ನ ಮನೇಲಿ ಇಟ್ಟಿದೆ." ಅದನ್ನು ಹೇಳದೆ ಅವರು ನಿಂತುಬಿಟ್ಟರು. ಹೇಳಿಕೊಟ್ಟೆ. ಎರಡನೆಯ ಸಲ ಇನ್ನೂ ಸ್ಪಷ್ಟವಾಗಿ ಹೇಳಿಕೊಟ್ಟೆ. ಮೂರನೆಯ ಸಲಕ್ಕೆ ಅಂಕಲ್ ನಕ್ಕರು.

"ಏನ್ರಿ ಸುಮತಿಯವರ, ಊರ ಮಂದೀ ಆರ್ಡರ್ ಎಲ್ಲಾ ನೆನಪಿಡ್ತೀರಿ, ಇದೊಂದು ಸಾಲು ಬಾಯಿಪಾಠ ಆಗವಲ್ದೇನು?"

"ಮರೆತದ್ದಲ್ಲ," ಎಂದರು ಆಂಟಿ. "ನಾನು ಎರಡು ಸಾವಿರದಲ್ಲಿ ಓಟು ಹಾಕಿದ್ದು ನಿಜವಾಗಿ ಗೆದ್ದರಲ್ಲ, ಅವರಿಗೇ. ಸಿಟಿಜನ್ ಆಗಿ ಮೊದಲ ಓಟು. ವ್ಯಾಪಾರದವರಿಗೆ ಅವರೇ ಒಳ್ಳೇದು ಅಂತ ಎಲ್ಲ ಹೇಳ್ತಿದ್ರು."

ಅಂಕಲ್ ಕೈಯಲ್ಲಿದ್ದ ಹಾಳೆ ಮಡಚಿ, "ಕ್ಯಾಲಿಫೋರ್ನಿಯಾದಾಗ ಅವರು ಸೋತಾರ್ರೀ, ನಮ್ಮ ರಾಜ್ಯದ ಲೆಕ್ಕ ಪೂರಾ ಆ ಕಡೆಯವರಿಗೇ ಹೋಗೇದ. ನಿಮ್ಮ ಓಟಿನಿಂದ ಏನೂ ಆಗಿಲ್ಲ," ಎಂದರು.

"ಅದು ನನಗೂ ಗೊತ್ತುಂಟು. ಹಾಕಿದ ಕೈ ನನ್ನದೇ ಅಲ್ವಾ."

ಅಂಕಲ್ ಚಹಾ ತರಿಸಿದರು. ಉಳಿದ ದೃಶ್ಯವನ್ನು ಬೇಗ ಬೇಗ ಮುಗಿಸಿದೆವು.

ಹಿಂತಿರುಗುವಾಗ ದಾರಿಯುದ್ದಕ್ಕೂ ಅಂಕಲ್ ಆ ಸಾಲನ್ನು ತೆಗೆಯುತ್ತೇನೆ, ಬೇಕಿದ್ದರೆ ಇಡೀ ನಾಟಕವನ್ನೇ ಬಿಡೋಣ ಎನ್ನುತ್ತಿದ್ದರು. ಬಲಗಡೆ ಸಮುದ್ರ ಕಾಣಿಸಿಕೊಂಡಿತು. ಎಡಗಡೆ ಸೇನಾ ನೆಲೆಯ ಒಣ ಗುಡ್ಡಗಳು. ಆಂಟಿ ಯಾವ ಕಡೆಗೂ ನೋಡಲಿಲ್ಲ.

ಕರ್ನಿ ಮೆಸಾದಲ್ಲಿ ಇಳಿದವರು ನನ್ನ ಕಿಟಕಿಯ ಹತ್ತಿರ ಬಂದರು. "ಸಾಲು ಇರಲಿ ಮಾರಾಯ್ತಿ. ನಾನೇ ಹೇಳ್ತೇನೆ. ಆದ್ರೆ ಅಲ್ಲಿ ನಾನು ನಿಂತ್ರೆ ನೀನು ಹೇಳಿಕೊಡ್ಬೇಡ. ಎಷ್ಟು ಹೊತ್ತಾದ್ರೂ ಸರಿ."

ಆಗಲಿ ಎಂದೆ. ಅವರು ಹೋಟೆಲಿನ ಬಾಗಿಲು ತಳ್ಳಿ ಒಳಗೆ ಹೋಗುವುದು ಕಾಣಿಸಿತು, ಕಾರು ತಿರುಗಿತು. ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ ಪೆನ್ಸಿಲ್ ಹುಡುಕಿ, ಆ ಪುಟದ ಅಂಚಿನಲ್ಲಿ ಬರೆದುಕೊಂಡೆ: ಇಲ್ಲಿ ಸುಮ್ಮನಿರು.