ಘಾಟು ಬಾರದ ಮೆಣಸಿನಕಾಯಿ

ಸುದ್ದಿ ಬಂದ ದಿನ ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ವರ್ಷದ ಖಾರದ ಪುಡಿಗೆಂದು ಊರಿನಿಂದ ತರಿಸಿದ್ದ ಕಾಯಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಇದನ್ನು ಮೊದಲೇ ಯಾಕೆ ಹೇಳಿದೆನೆಂದರೆ ನಾನು ಬರೆಯಹೊರಟಿದ್ದು ಆ ಮೆಣಸಿನಕಾಯಿಯ ವಿಷಯವನ್ನೇ. ಓದಿದವರು ನಗಬಹುದು. ನಾನೂ ಒಂದು ಕಾಲಕ್ಕೆ ಇಂಥವನ್ನು ಕೇಳಿ ನಗುತ್ತಿದ್ದವಳೇ.

ದೇವರನ್ನು ನಂಬುತ್ತೇನೆ. ಬಾದಾಮಿಯ ಬನಶಂಕರಿ ನಮ್ಮ ಮನೆದೇವರು. ಅವಳ ಫೋಟೋಕ್ಕೆ ದೀಪ ಹಚ್ಚದೆ ನಾನು ಚಹಾ ಕುಡಿದವಳಲ್ಲ. ಆದರೆ ನೆದರು, ದೃಷ್ಟಿ ಅನ್ನುವುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ನಂಬಿಕೆ ಇದ್ದದ್ದು ನಮ್ಮ ಅತ್ತೆಗೆ. ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮನುಷ್ಯನಿಗೆ ಇಳಿ ತೆಗೆದು ಒಲೆಗೆ ಹಾಕುತ್ತಾರಲ್ಲ, ಆಗ ಘಾಟು ಎದ್ದು ಕೆಮ್ಮು ಬಂದರೆ ಚಿಂತೆಯಿಲ್ಲ, ಘಾಟು ಬಾರದಿದ್ದರೆ ನೆದರು ಜೋರಾಗಿಯೇ ತಗುಲಿದೆ ಎಂದು ಅರ್ಥ. ಮೆಣಸಿನಕಾಯಿ ಸುಟ್ಟರೆ ಘಾಟು ಬರದೆ ಇನ್ನೇನು ಬರುತ್ತದೆ, ಅದಕ್ಕೇ ಈ ಶಾಸ್ತ್ರ ಯಾವತ್ತೂ ಸಮಾಧಾನವನ್ನೇ ಹೇಳುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ನಾವಿರುವುದು ಗೋವಾದ ಚಿಂಬಲ್‌ನಲ್ಲಿ. ಇಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಬ್ಬರ ಮನೆಯ ಒಗ್ಗರಣೆ ನಾಲ್ಕು ಮನೆಯವರ ಮೂಗಿಗೆ. ಗಂಡಸರು ಬೆಳಗ್ಗೆ ಪಿಕಪ್ ಗಾಡಿಯ ಹಿಂದೆ ನಿಂತುಕೊಂಡೇ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮನೆಯವರದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬು ಹಾಕುವ ಮೊದಲು ಅದಕ್ಕೆ ಹಲಗೆ, ಕಂಬ ಕೊಟ್ಟು ಅಚ್ಚು ಕಟ್ಟುವುದು. ಗಾಡಿ ಹೆದ್ದಾರಿಯ ತಿರುವು ದಾಟಿರಬಹುದು ಅನ್ನುವವರೆಗೆ ನಾನು ಬನಶಂಕರಿಯ ಹೆಸರು ಹೇಳುತ್ತಿರುತ್ತಿದ್ದೆ. ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ, ಇವತ್ತಿನದು ಮುಗಿಯಿತು ತಾಯಿ ಅನ್ನುತ್ತಿದ್ದೆ.

ಆ ವರ್ಷ ನಮ್ಮ ಓಣಿಗೆ ಒಬ್ಬ ಹೆಣ್ಣುಮಗಳು ಬರತೊಡಗಿದಳು. ಬೆಳಗಾವಿ ಕಡೆಯ ಅಂಗಡಿಕಾರರ ಮನೆಯವಳು, ಪಣಜಿಯಲ್ಲಿ ಓದುತ್ತಿದ್ದಳು. ಕೆಲಸದ ಜಾಗದಲ್ಲಿ, ರಸ್ತೆಯಲ್ಲಿ ಜನರಿಗೆ ಪೆಟ್ಟಾಗುವುದನ್ನು ತಪ್ಪಿಸುವುದು ಹೇಗೆ ಎಂದು ಸಂಶೋಧನೆ ಮಾಡುತ್ತಿದ್ದಳು. ನಾವೆಲ್ಲ ಅಕ್ಕೋರ ಎಂದು ಕರೆಯುತ್ತಿದ್ದೆವು. ಯಾರು ಬಿದ್ದರು, ಯಾರ ಕಾಲು ಮುರಿಯಿತು ಎಂದು ಕೇಳಿದ್ದರೆ ಓಣಿಯವರು ಹೇಳುತ್ತಿದ್ದರೇನೋ. ಅವಳು ಕೇಳುತ್ತಿದ್ದದ್ದೇ ಬೇರೆ. ಬೀಳುವುದು ಸ್ವಲ್ಪದರಲ್ಲಿ ತಪ್ಪಿದ್ದು ಯಾವಾಗ, ಎಲ್ಲಿ? ಗಾಡಿಯಿಂದ ಜಾರಿ ಸರಳು ಹಿಡಿದು ಉಳಿದದ್ದು ಯಾವ ತಿರುವಿನಲ್ಲಿ? ಹಾಗೆ ತಪ್ಪಿದ ಜಾಗವೇ ನಾಳೆ ಬೀಳಿಸುವ ಜಾಗ, ಅದು ಮೊದಲೇ ಗೊತ್ತಾದರೆ ಸರಿಮಾಡಿಸಬಹುದು ಎನ್ನುವುದು ಅವಳ ವಿಚಾರ.

ನಮ್ಮ ಮನೆಯವರು ನಕ್ಕುಬಿಟ್ಟರು. "ಬಿದ್ರ ಬರ್ಕೋರಿ ಅಕ್ಕೋರ. ಬೀಳದ್ದನ್ನ ಏನಂತ ಬರ್ಕೋತೀರಿ?"

"ಬಿದ್ದ ಮ್ಯಾಲೆ ಬರ್ಕೊಳ್ಳಾಕ ದವಾಖಾನಿಯವ್ರು ಅದಾರಣ್ಣ. ನನಗ ಬೀಳದ್ದೇ ಬೇಕು" ಅಂದಳು ಅವಳೂ ನಕ್ಕು.

ಆದರೆ ಅವಳಿಗೆ ಬೇಕಾದದ್ದನ್ನು ನಮ್ಮ ಜನ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡಾಂತರ ತಪ್ಪಿದರೆ ನೆದರು ತೆಗೆದು ಬಾಯಿ ಮುಚ್ಚಿಕೊಂಡಿರಬೇಕು. ಹೆಸರು ಹಿಡಿದು ಆಡಿದರೆ ಹೋದದ್ದು ತಿರುಗಿ ಬರುತ್ತದೆ. ಇದು ನಮ್ಮ ಕಡೆಯ ಪದ್ಧತಿ. ಕೆಲಸದ ಜಾಗದಲ್ಲಿ ಗಂಡಸರೂ ಹೇಳಿಕೊಳ್ಳುವುದಿಲ್ಲ, ಪುಕ್ಕಲ ಅನ್ನುತ್ತಾರೆ ಎಂದು. ಹಾಗಾಗಿ ಅಕ್ಕೋರು ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ದೂ ಕೇಳಿದ್ದೇ, ಎಲ್ಲರ ಮನೆಯಲ್ಲೂ ಒಂದೇ ಮಾತು. ನಮ್ಮ ಅತ್ತೆಯಂತೂ, "ಛಾ ಕುಡದು ಹೋಗವ್ವಾ. ನಮ್ಮ ಮನ್ಯಾಗ ಏನೂ ಆಗಿಲ್ಲ, ಬನಶಂಕರಿ ಚಲೋ ಇಟ್ಟಾಳ" ಅಂದುಬಿಟ್ಟರು.

ಅದರ ಹಿಂದಿನ ಸಂಜೆಯೇ ನಮ್ಮ ಮನೆಯವರು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು. ಗೋಡೆಯ ಹೊರಗೆ ನಿಂತು ಕೆಲಸ ಮಾಡಲು ಕಟ್ಟಿದ ಸಾರುವೆಯ ಹಲಗೆ, ಅಂಚಿಗೆ ಕಾಲಿಟ್ಟೊಡನೆ ವಾಲಿತಂತೆ. ಕಬ್ಬಿಣದ ಪೈಪು ಕೈಗೆ ಸಿಕ್ಕಿತು, ಇವರು ಉಳಿದರು, ಚಪ್ಪಲಿ ಕೆಳಗೆ ಹೋಯಿತು. ಅತ್ತೆ ನೆದರು ತೆಗೆದರು. ಘಾಟೆದ್ದು ನಾವು ಮೂವರೂ ಕೆಮ್ಮಿ ಕಣ್ಣೀರು ಸುರಿಸಿದೆವು. "ಹೋತು, ಎಲ್ಲಾ ಹೋತು" ಎಂದು ಅತ್ತೆ ಸೆರಗಿನಿಂದ ಮಗನ ಮುಖ ಒರೆಸಿದರು. ಮರುದಿನ ಇವರು ಹಳೆಯ ಜೋಡು ಮೆಟ್ಟಿಕೊಂಡು ಅದೇ ಕೆಲಸಕ್ಕೆ ಹೋದರು.

ಇನ್ನು ಆ ಮರುದಿನದ್ದೇ ಮಾತು, ಸುದ್ದಿ ಬಂದ ದಿನದ್ದು. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಮನೆಯ ಹಿಂದಿನ ಕಲ್ಲೊಲೆಯ ಮೇಲೆ ಬಾಣಲೆಯಿಟ್ಟು, ಎಣ್ಣೆ ಸವರಿ, ಮೆಣಸಿನಕಾಯಿ ಹಾಕಿದೆ. ನಮ್ಮ ಓಣಿಯಲ್ಲಿ ಯಾರಾದರೂ ಮೆಣಸಿನಕಾಯಿ ಹುರಿದರೆ ಅದೊಂದು ರಂಪ. ಮಕ್ಕಳು ಕೆಮ್ಮುತ್ತವೆ, ಹೆಂಗಸರು ಒಳಗಿನಿಂದಲೇ ಬೈಯುತ್ತಾರೆ. ನಾನೂ ಮೂಗಿಗೆ ಸೆರಗು ಕಟ್ಟಿಕೊಂಡೇ ಕೂತಿದ್ದೆ. ಕಾಯಿ ಉಬ್ಬಿದವು, ಬಣ್ಣ ತಿರುಗಿತು, ಒಂದೆರಡು ಕಪ್ಪಾದವು. ಯಾರೂ ಬೈಯಲಿಲ್ಲ. ಸೆರಗು ಬಿಚ್ಚಿದೆ. ಏನೂ ಇಲ್ಲ. ಬಗ್ಗಿ ಉಸಿರೆಳೆದೆ. ಬಿಸಿ ಗಾಳಿ ಬಡಿಯಿತು, ಅಷ್ಟೇ.

ಪಕ್ಕದ ಮನೆಯ ಕಾಶವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಏನ ಹುರ್ಯಾಕತ್ತೀ ತಂಗಿ, ಶೇಂಗಾ ಏನ?"

"ಮೆಣಸಿನಕಾಯಿ ಕಾಶವ್ವಕ್ಕ."

"ಸುಳ್ಳ ಹೇಳಬ್ಯಾಡ. ಮೆಣಸಿನಕಾಯಿ ಆಗಿದ್ರ ಇಷ್ಟೊತ್ತಿಗೆ ನಾ ನಿನ್ನ ಬೈಯಾಕತ್ತಿರತಿದ್ದೆ."

ಕೂಸನ್ನು ಎತ್ತಿಕೊಂಡೇ ಬಂದು ಬಾಣಲೆಯೊಳಗೆ ಇಣುಕಿದಳು. ಕೂಸು ಕೂಡ ಸೀನಲಿಲ್ಲ. "ಗೋವಾಕ್ಕ ಬಂದು ಇದರ ಸೊಕ್ಕೂ ಇಳದೈತಿ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಆ ನಗೆ ಕೇಳಿ ಅತ್ತೆ ಹೊರಗೆ ಬಂದರು. ಬಾಣಲೆ ನೋಡಿದರು, ನಮ್ಮ ಮುಖ ನೋಡಿದರು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ಇಳಸು ಅದನ್ನ. ಅವಂಗ ಫೋನ್ ಹಚ್ಚು."

ಇಳಿಸಿ ಪಕ್ಕಕ್ಕಿಟ್ಟೆ. ಒಲೆಗೆ ನೀರು ಹೊಯ್ದೆ. ಫೋನ್ ಹಚ್ಚಿದೆ, ಎತ್ತಲಿಲ್ಲ. ಕೆಲಸದಲ್ಲಿದ್ದಾಗ ಅವರು ಎತ್ತುವುದೂ ಇಲ್ಲ, ಬುತ್ತಿಯ ಚೀಲದಲ್ಲಿ ಇಟ್ಟಿರುತ್ತಾರೆ. ಅದನ್ನೇ ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ದೇವರ ಮುಂದೆ ಹೋಗಿ ಕೂತರು. ನಾನು ಪಾತ್ರೆ ತೊಳೆದೆ, ಅಂಗಳ ಗುಡಿಸಿದೆ. ಬಾಣಲೆ ಮುಟ್ಟಿ ನೋಡಿದರೆ ಪೂರ್ತಿ ತಣ್ಣಗಾಗಿತ್ತು.

ಆಗ ಫೋನ್ ಬಂತು. ಜೊತೆಗೆ ಕೆಲಸ ಮಾಡುವವನೊಬ್ಬನ ದನಿ. "ವೈನಿ, ಗಾಬರಿ ಆಗಬ್ಯಾಡ್ರಿ. ಅಣ್ಣ ಜಾರ್ಯಾನ. ದವಾಖಾನಿಗೆ ಒಯ್ಯಾಕತ್ತೇವಿ."

ನಾನು ಏನೋ ಕೇಳಲು ಬಾಯಿ ತೆರೆದೆ. ಕೆಮ್ಮು ಬಂತು. ಎದೆ ಹಿಂಡುವಂಥ ಕೆಮ್ಮು. ಪಕ್ಕದಲ್ಲಿ ಕಾಶವ್ವನ ಮೊಮ್ಮಗಳು ಚೀರಿಕೊಂಡು ಸೀನತೊಡಗಿದಳು. ಎದುರು ಮನೆಯಲ್ಲಿ ಕೆಮ್ಮು, ಅದರಾಚೆಯ ಮನೆಯಲ್ಲಿ ಕೆಮ್ಮು, ಯಾರೋ ನನ್ನ ಹೆಸರು ಹಿಡಿದು ಬೈದರು. ಆರಿದ ಒಲೆ, ತಣ್ಣಗಾದ ಬಾಣಲೆ, ಅದರಿಂದ ಇಡೀ ಓಣಿಗೆ ಘಾಟು. ನನಗೆ ಕಂಡದ್ದು ಇಷ್ಟೇ, ಇದಕ್ಕಿಂತ ಹೆಚ್ಚಿಗೆ ಒಂದಕ್ಷರವನ್ನೂ ಸೇರಿಸಿಲ್ಲ.

ಅವರು ಬಿದ್ದದ್ದು ಅದೇ ಹಲಗೆಯಿಂದ. ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ದವಾಖಾನೆಯ ವರಾಂಡದಲ್ಲಿ ಕಾಶವ್ವ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಮೆಲ್ಲಗೆ ಅಂದಳು: "ನಮ್ಮ ನಿಂಗ್ಯಾನೂ ಅಲ್ಲೇ ಜಾರಿದ್ದ ತಂಗಿ. ಹೋದ ಅಮಾಸಿ ಮುಂದ, ಅದೇ ಹಲಗಿ. ಬಗಲಾಗ ನಿಂತಾಂವ ಅಂಗಿ ಹಿಡದು ಜಗ್ಗಿದ್ನಂತ. ನಾ ನೆದರ ತಗದು ಸುಮ್ನಾದೆ."

ನಿಂಗಪ್ಪ ಅವಳ ಮಗ, ನಮ್ಮವರ ಜೊತೆಗೇ ಕೆಲಸಕ್ಕೆ ಹೋಗುವವನು. ಆಮೇಲೆ ತಿಳಿಯಿತು, ಓಣಿಯ ತುದಿಯ ಮನೆಯವನೂ ಅಲ್ಲಿ ಎಡವಿದ್ದ. ಅವರ ಮನೆಯಲ್ಲೂ ಮೆಣಸಿನಕಾಯಿ ಸುಟ್ಟಿದ್ದರು. ಆ ಹಲಗೆಯ ಸಂಗತಿ ಮೂರು ಮನೆಯ ಒಲೆಗೆ ಗೊತ್ತಿತ್ತು. ಒಂದು ಹಗ್ಗ ಬಿಗಿದು ಕಟ್ಟಿದ್ದರೆ ಮುಗಿಯುತ್ತಿದ್ದ ಕೆಲಸ. ಯಾರನ್ನು ದೂರಲಿ? ಎಲ್ಲರೂ ತಮ್ಮವರು ಉಳಿಯಲಿ ಎಂದೇ ಬಾಯಿ ಮುಚ್ಚಿಕೊಂಡಿದ್ದರು.

ಅಕ್ಕೋರು ಬಂದಾಗ ಎಲ್ಲವನ್ನೂ ಹೇಳಿದೆ. ಚಪ್ಪಲಿಯದು, ನಿಂಗಪ್ಪನದು. ಮೆಣಸಿನಕಾಯಿಯದನ್ನೂ ಹೇಳಿದೆ. ನೆಗಡಿಯಾಗಿ ಮೂಗು ಕಟ್ಟಿತ್ತೇನೋ, ಗಾಳಿ ಆ ಕಡೆಗೆ ಬೀಸುತ್ತಿತ್ತೇನೋ, ಕಾಯಿಗೆ ತೇವ ಹಿಡಿದಿತ್ತೇನೋ ಎಂದು ಮೆತ್ತಗೆ ಕೇಳಿದಳು. ಇರಬಹುದು ಅಂದೆ. ಆದರೆ ಕಾಶವ್ವನ ಮೂಗೂ, ಕೂಸಿನ ಮೂಗೂ ಒಟ್ಟಿಗೇ ಕಟ್ಟಿ ಒಟ್ಟಿಗೇ ಬಿಟ್ಟವೇ? "ನನಗೂ ತಿಳೀವಲ್ದು ಅಕ್ಕಾ" ಅಂದಳು, ಕಣ್ಣು ತುಂಬಿಕೊಂಡಳು. ಆಮೇಲೆ ಹೆಂಗಸರು ಅವಳಿಗೆ ಒಂದೊಂದೇ ಹೇಳತೊಡಗಿದ್ದರು. ಅಷ್ಟರಲ್ಲಿ ಅವಳ ಓದು ಮುಗಿಯಿತು, ಅವಳು ಹೋದಳು. ಅವಳು ಬರೆದದ್ದು ಎಲ್ಲಿದೆಯೋ, ಯಾರು ಓದಿದರೋ. ಆ ಕಟ್ಟಡದ ಬಾಲ್ಕನಿಗಳಲ್ಲಿ ಈಗ ಯಾರದೋ ಬಟ್ಟೆ ಒಣಗುತ್ತವೆ. ನಮ್ಮ ಓಣಿಯ ಗಂಡಸರು ಬೇರೆ ಕಟ್ಟಡದ ಬೇರೆ ಹಲಗೆಯ ಮೇಲೆ ನಿಂತಿದ್ದಾರೆ, ಅದೇ ಪಿಕಪ್ಪಿನಲ್ಲಿ ಹೋಗಿ ಬರುತ್ತಾರೆ. ಯಾರದಾದರೂ ಮನೆಯಿಂದ ಸುಟ್ಟ ಮೆಣಸಿನಕಾಯಿಯ ಘಾಟು ಬಂದರೆ ನಾನು ಹೋಗಿ, ಎಲ್ಲಿ ಜಾರಿದರು ಎಂದು ಕೇಳುತ್ತೇನೆ. ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ನನ್ನ ಮನೆ ಹಾಳಾದದ್ದು ಸಾಲದೆ ಅವರ ಮನೆಯದನ್ನೂ ಕರೆಯುತ್ತಿದ್ದೇನೆ ಎಂದು ಬೆನ್ನ ಹಿಂದೆ ಅನ್ನುತ್ತಾರಂತೆ.

ದೇವಿ ಕೈಬಿಟ್ಟಳು ಎಂದು ಹೇಳಲಾರೆ. ಅವರ ಕೈ ಆಡುತ್ತವೆ. ಮಾತು ಚೆನ್ನಾಗಿದೆ. ನನ್ನ ಗುರುತು ಹಿಡಿಯುತ್ತಾರೆ. ಬೆನ್ನಿನ ಹುಣ್ಣು ಈ ಸಲ ಒಣಗಿದೆ. ಹೀಗೆ ಬೆರಳು ಮಡಚುತ್ತ ಹೋಗುತ್ತೇನೆ. ಬೆರಳು ಉಳಿದಿರುತ್ತವೆ, ಎಣಿಸಲು ಉಪಕಾರ ಉಳಿದಿರುವುದಿಲ್ಲ. ಆ ಘಾಟು ಯಾಕೆ ಬರಲಿಲ್ಲ, ಆಮೇಲೆ ಯಾಕೆ ಬಂತು? ಎಚ್ಚರಿಸುವುದಿದ್ದರೆ ತಾಯಿ ಹಿಂದಿನ ಸಂಜೆ, ಒಂದೇ ಚಪ್ಪಲಿಯಲ್ಲಿ ಬಂದ ದಿನವೇ ಎಚ್ಚರಿಸಬಹುದಿತ್ತಲ್ಲ? ಅವತ್ತು ನಮ್ಮನ್ನೆಲ್ಲ ಯಾಕೆ ಕೆಮ್ಮಿಸಿದಳು? ದೀಪ ಹಚ್ಚುವಾಗ ದಿನಾ ಕೇಳುತ್ತೇನೆ.

ಈ ವರ್ಷದ ಮೆಣಸಿನಕಾಯಿ ಇವತ್ತು ಒಣಗಿವೆ. ಅವರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಪೌಡರು ಹಚ್ಚಿ, ಹಿಂದೆ ಬಂದು ಒಲೆ ಹೊತ್ತಿಸಿದೆ. ಈಗ ನಾನು ಹುರಿಯುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುವುದಿಲ್ಲ. ಕಾಯಿ ಉಬ್ಬತೊಡಗಿದವು. ಉಸಿರು ಹಿಡಿದು ಕಾದೆ. ಒಳಗಿನಿಂದ ಅವರು ಕೆಮ್ಮಿದರು, "ಬಾಗಲಾ ಮುಚ್ಚ ಮಾರಾಯ್ತಿ" ಎಂದು ಬೈದರು. ನಾನು ಬಾಗಿಲು ಮುಚ್ಚಿ ಬಂದು ಸೌಟು ಆಡಿಸಿದೆ.