ನೀಲವ್ವನಿಗೆ ಹೊಲಿದ ಗುಡಾರ

ಗಂಟು ಬಿಚ್ಚಿದರೆ ಹೆರಿಗೆ ಸುಸೂತ್ರ ಎನ್ನುವವರನ್ನು ಕಂಡರೆ ನನಗೆ ನಗೆ ಬರುತ್ತಿತ್ತು. ನಮ್ಮ ಕಡೆ ಬೇನೆ ಹತ್ತಿದ ಕೂಡಲೇ ಬಸುರಿಯ ತುರುಬು ಬಿಚ್ಚುತ್ತಾರೆ, ಕಾಳಿನ ಚೀಲಗಳ ಬಾಯಿ ಬಿಚ್ಚುತ್ತಾರೆ, ದನಗಳ ಕಣ್ಣಿಯನ್ನೂ ಬಿಚ್ಚುತ್ತಾರೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡುವ ಸ್ವಭಾವ ನನ್ನದು. ನೀವೂ ಹಾಗೆಯೇ ಇದ್ದರೆ ಇದನ್ನು ನಂಬಿರೆಂದು ನನ್ನ ಒತ್ತಾಯವಿಲ್ಲ.

ನರಗುಂದದ ದೊರೆ ಇಂಗ್ರೇಜಿಯವರ ಮೇಲೆ ಬಂಡೆದ್ದದ್ದಕ್ಕೆ ಎರಡು ಮಳೆಗಾಲ ಮುಂಚಿನ ಮಾತು. ನನ್ನ ಒಬ್ಬಳೇ ಮಗಳು ನೀಲವ್ವನನ್ನು ಮಲಪ್ರಭೆಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತಾಯಿಯಿಲ್ಲದ ಮಗಳನ್ನು ನಾನೇ ಕರೆತರಬೇಕು. ಹತ್ತಿಯ ಅಂಡಿಗೆ-ಮೂಟೆ ಹೊಳೆ ದಾಟಿಸಲು ನನ್ನದೊಂದು ಸಣ್ಣ ಹಾಯಿದೋಣಿ ಇತ್ತು. ಅವಳು ತೊಯ್ಯಬಾರದೆಂದು ಅದಕ್ಕೊಂದು ಗುಡಾರ ಮಾಡಲು ಕೂತೆ. ಬಿದಿರು ಬಗ್ಗಿಸಿ ಕಮಾನು ನಿಲ್ಲಿಸಿದೆ. ದಪ್ಪ ಅರಿವೆಯನ್ನು ಚೀಲ ಹೊಲಿಯುವ ದಬ್ಬಣದಿಂದ ಹೊಲಿದು, ಕುದಿಸಿ ಗಟ್ಟಿಮಾಡಿದ ಕುಸುಬೆ ಎಣ್ಣೆ ತೀಡಿ, ಎಂಟು ದಿನ ಬಿಸಿಲಿಗೆ ಹರವಿದೆ. ಆಮೇಲೆ ಹದಿನಾರು ಹುರಿಗಳಿಂದ ದೋಣಿಯ ಅಂಚಿಗೆ ಬಿಗಿದೆ. ಬೆರಳೆಲ್ಲ ತೂತಾದರೂ ನನಗೆ ಹಿಗ್ಗೋ ಹಿಗ್ಗು.

ಅವಳನ್ನು ಕರೆದುಕೊಂಡು ಬರುವಾಗ ಮಧ್ಯಾಹ್ನದ ಹೊತ್ತು ನಡುಹೊಳೆಯಲ್ಲಿ ಮಳೆ ಹಿಡಿಯಿತು, ಗಾಳಿ ತಿರುಗಿತು. ಹಾಯಿ ಇಳಿಸಿ ಹುಟ್ಟು ಹಿಡಿದೆ. ಅಷ್ಟರಲ್ಲಿ ನೀಲವ್ವನಿಗೆ ಬೇನೆ ಹತ್ತಿತು. ದಿನ ತುಂಬಲು ಇನ್ನೂ ತಿಂಗಳಿತ್ತು. ಒಳಗೆ ಅವಳ ಜೊತೆ ನನ್ನ ಅಕ್ಕ ಗಂಗವ್ವ ಇದ್ದಳು.

“ತಮ್ಮಾ, ಗುಡಾರದ ಗಂಟೆಲ್ಲಾ ಬಿಚ್ಚಿಬಿಡು. ಕೂಸು ಅಡ್ಡ ಬಂದೈತಿ,” ಎಂದಳು ಅಕ್ಕ.

“ಗುಡಾರ ಹಾರಿತಂದ್ರ ಆಕಿ ತೊಯ್ತಾಳಕ್ಕ. ನಾ ಬಿಚ್ಚಂಗಿಲ್ಲ.”

ನೀಲವ್ವ ಆಡಿದ್ದು ಒಂದೇ ಮಾತು. “ಬಿಚ್ಚ ಯಪ್ಪಾ, ನಾ ತೊಯ್ದರ ತೊಯ್ತೇನಿ.”

ನಾನು ಕೇಳಲಿಲ್ಲ. ಸಡಿಲಾಗದಿರಲೆಂದು ಪಕ್ಕದ ಹುರಿಯ ಗಂಟನ್ನು ಎಡಗೈಯಲ್ಲಿ ಅಮುಕಿ ಹಿಡಿದು, ಬಲಗೈಯೊಂದರಲ್ಲೇ ಹುಟ್ಟು ಹಾಕಿದೆ.

ದೋಣಿ ಸೆಳವಿಗೆ ಸಿಕ್ಕು ಕೆಳಕ್ಕೆ ಹೋಗುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು. ದಂಡೆ ಮುಟ್ಟುವಷ್ಟರಲ್ಲಿ ನನ್ನ ಮಗಳು ಇರಲಿಲ್ಲ.

ಅವಳನ್ನು ಇಳಿಸಲೆಂದು ಗುಡಾರ ಬಿಚ್ಚಲು ಹೋದೆ. ಹದಿನೈದು ಗಂಟುಗಳು ಆಗಲೇ ಬಿಚ್ಚಿದ್ದವು. ಒಂದು ಹುರಿಯೂ ಹರಿದಿರಲಿಲ್ಲ. ತುದಿಗಳು ಸುಮ್ಮನೆ ಇಳಿಬಿದ್ದಿದ್ದವು. ಗಂಟು ಹಾಕಿದ್ದು ಹೊರಬದಿಗೆ, ಒಳಗಿದ್ದ ಅಕ್ಕನಿಗೆ ಎಟಕುವಂತಿರಲಿಲ್ಲ. ಕಟ್ಟಿಲ್ಲದ ಅರಿವೆ ಅಂಥ ಗಾಳಿಯಲ್ಲೂ ಒಂದು ಗೇಣು ಸರಿದಿರಲಿಲ್ಲ. ಒಳಗೆ ಒಂದು ಹನಿ ಬಿದ್ದಿರಲಿಲ್ಲ. ಬಿಗಿಯಾಗಿ ಉಳಿದಿದ್ದು ನನ್ನ ಕೈಯೊಳಗಿನ ಗಂಟು ಮಾತ್ರ.

ಎಣ್ಣೆ ತಾಗಿ ಜಾರಿರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅದೇ ಹುರಿಗೆ ಎಣ್ಣೆ ಹಚ್ಚಿ, ಅದೇ ಗಂಟು ಹಾಕಿ, ನೀರು ಹೊಯ್ದು ಎಳೆದು ನೋಡಿದೆ. ಬಿಚ್ಚಲಿಲ್ಲ. ಯಾರು ಬಿಚ್ಚಿದರೋ ಇಂದಿಗೂ ನನಗೆ ತಿಳಿಯದು. ಆ ಒಂದನ್ನೂ ಬಿಟ್ಟುಕೊಟ್ಟಿದ್ದರೆ ಅವಳೂ ಉಳಿಯುತ್ತಿದ್ದಳೇ ಎಂಬುದೂ ತಿಳಿಯದು.

ಅಂದು ಹುಟ್ಟಿದ ಮೊಮ್ಮಗಳು ಈಗ ಮೂರು ತಿಂಗಳ ಬಸುರಿ. ಅವ್ವ ಹ್ಯಾಗೆ ಸತ್ತಳೆಂದು ಮೊನ್ನೆ ಕೇಳಿದಳು. ಜ್ವರ ಬಂದಿತ್ತು ಎಂದೆ.