ಪಿಸ್ತೂಲಿನ ದೀಪ ಮಾರದ ಡೆಲ್ಫಿಯಾ

ವೆಲ್ಡನ್ ಸೈಜ್‌ಮೋರ್ ಅವಳನ್ನು ಮೊದಲು ಕಂಡದ್ದು ಅಕ್ಟೋಬರಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ. ಗಾರ್ನೆಟ್ ಪ್ರೂಯಿಟ್‌ನ ಬಂದೂಕಿನ ಅಂಗಡಿ ಆಗತಾನೆ ಬಾಗಿಲು ತೆರೆದಿತ್ತು. ಗಾಜಿನ ಕಪಾಟಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತು, ಕಾಗದದಲ್ಲಿ ಸುತ್ತಿದ, ಸಾಸೇಜು ಇಟ್ಟ ಬನ್ನು ತಿನ್ನುತ್ತಿದ್ದಳು. ನರೆತ ಕೂದಲನ್ನು ಗಂಟು ಹಾಕಿ ಅದಕ್ಕೊಂದು ಪೆನ್ಸಿಲು ಚುಚ್ಚಿದ್ದಳು. ತೊಟ್ಟಿದ್ದು ಗಂಡಸರ ಚೌಕಳಿ ಅಂಗಿ, ಎದೆಯ ಮೇಲೆ ‘ಡೆಲ್ಫಿಯಾ’ ಎಂಬ ಬಿಲ್ಲೆ. ಒಂದು ಕನ್ನಡಕ ಮೂಗಿನ ಮೇಲಿತ್ತು, ಇನ್ನೊಂದು ಹಣೆಯ ಮೇಲಿತ್ತು. ಅವಳು ತುತ್ತು ನುಂಗಿ, ಕೈ ಒರೆಸಿಕೊಂಡು, ಆಮೇಲೆ ತಲೆ ಎತ್ತಿದಳು. ಕಾಯಿಸಿದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಮೂವತ್ತೊಂದು ವರ್ಷ ಕೆಂಟುಕಿಯ ಗುಡ್ಡದ ದಾರಿಗಳಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ವೆಲ್ಡನ್‌ಗೆ ಕಾಯುವುದು ಒಗ್ಗದ ಸಂಗತಿ. ಅಂಗಡಿಗೆ ಬರಲು ನಲವತ್ತು ನಿಮಿಷ ಗಾಡಿ ಓಡಿಸಿಕೊಂಡು ಬಂದಿದ್ದ.

“ಏನ್ ಬೇಕಿತ್ತು ಯಜಮಾನ್ರೇ?”

“ಪಿಸ್ತೂಲಿಗೆ ಸಿಕ್ಸೋ ದೀಪ. ಚಿಕ್ಕದು. ಬೆಳಕು ಮಾತ್ರ ಜೋರಾಗಿರ್ಬೇಕು.”

ಅವನು ಡಬ್ಬಿಯಲ್ಲಿ ತಂದಿದ್ದ ಪಿಸ್ತೂಲನ್ನು ಅವಳು ತೆರೆದು ನೋಡಿದಳು. ಗುಂಡಿಲ್ಲ ಎಂದು ಅವನು ಹೇಳಿದ್ದರೂ ಎರಡು ಸಲ ಬೆರಳು ಹಾಕಿ ತಡವಿದಳು. ಆಮೇಲೆ ಕೂದಲಿನಿಂದ ಪೆನ್ಸಿಲು ಕಿತ್ತು ನಳಿಗೆಯ ಕೆಳಗೆ ದೀಪ ಸಿಕ್ಕಿಸುವ ಗೀರುಗಳಿಗೆ ಹಿಡಿದು ಅಳತೆ ತೆಗೆದುಕೊಂಡಳು. ಕಪಾಟಿನಿಂದ ಮೂರು ದೀಪ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಹೆಬ್ಬೆರಳಿನಷ್ಟೇ ಗಾತ್ರ ಒಂದೊಂದೂ.

“ಇದು ಮೂತಿಯಿಂದಾಚೆ ಚಾಚ್ಕೊಳ್ಳುತ್ತೆ. ನಾಕು ಗುಂಡು ಹೊಡೆಯೋಷ್ಟ್ರಲ್ಲಿ ಗಾಜಿಗೆ ಮಸಿ ಹಿಡಿಯುತ್ತೆ. ಈ ಎರಡನೇದರ ಗುಂಡಿ ಬಲಗೈಯೋರಿಗೆ ಮಾತ್ರ ಸಲೀಸು, ಡಬ್ಬಿ ಕೊಟ್ಟ ಕೈ ನೋಡಿದ್ರೆ ನೀವು ಎಡಚ. ಈ ಮೂರನೇದು ನಿಮ್ಮ ಕೈಗೆ ಕೂರುತ್ತೆ.”

ವೆಲ್ಡನ್ ಅವಳ ಹಿಂದಿನ ಕಪಾಟಿನಲ್ಲಿದ್ದ ನಾಲ್ಕನೆಯದಕ್ಕೆ ಬೆರಳು ತೋರಿಸಿದ. “ಅದಲ್ವಾ ಎಲ್ಲಕ್ಕಿಂತ ಜೋರು?”

“ನಿಮ್ಮನೆ ಹಜಾರದ ಗೋಡೆ ಯಾವ ಬಣ್ಣ?”

“ಬಿಳಿ.”

“ಹಂಗಾದ್ರೆ ಅದು ಗೋಡೆಗೆ ಬಡಿದು ನಿಮ್ ಕಣ್ಣಿಗೇ ಬರುತ್ತೆ. ಕಳ್ಳಂಗಿಂತ ಮುಂಚೆ ನೀವೇ ಕುರುಡಾಗ್ತೀರಿ. ಒರೆ ಇದ್ಯಾ?”

“ಹಳೇ ಚರ್ಮದ್ದಿದೆ.”

“ದೀಪ ಸಿಕ್ಸಿದ್ಮೇಲೆ ಅದ್ರಲ್ಲಿ ಕೂರಲ್ಲ. ದೀಪದ ಅಚ್ಚಿಗೇ ಮಾಡಿರೋ ಒರೆ ಬೇಕು. ಬಿಗಿಯಾಯ್ತು ಅಂತ ಚಾಕೂಲಿ ಕೊರೆದು ತುರುಕೋರಿದಾರೆ, ಆಗ ಟ್ರಿಗರ್ ಮುಚ್ಕೊಳ್ಳಲ್ಲ, ಏನಾದ್ರೂ ತಗುಲಿದ್ರೆ ಗುಂಡು ಹಾರುತ್ತೆ. ಹಂಗೆ ಮಾಡ್ಬೇಡಿ.” ಇಲ್ಲಿಯವರೆಗೆ ಅವಳ ಮಾತು ಅವನಿಗೆ ಹಿಡಿಸಿತ್ತು. ಕೆಲಸ ಬಲ್ಲವಳು ಅನ್ನಿಸಿತ್ತು. ಅಷ್ಟರಲ್ಲಿ ಅವಳು ಕೇಳಿದಳು: “ಕೈಯಲ್ಲಿ ಹಿಡಿಯೋ ಟಾರ್ಚ್ ಇದ್ಯಾ? ಮನೇಲಿ ಇನ್ಯಾರ್ ಇದಾರೆ?”

“ನೋಡಮ್ಮಾ, ನಾನು ದೀಪ ಕೊಳ್ಳೋಕೆ ಬಂದಿದೀನಿ. ಹೆಣ್ಣು ಕೇಳೋಕೆ ಬಂದಿಲ್ಲ.”

“ಹೆಣ್ಣು ಕೇಳೋಕೆ ಬಂದಿದ್ರೆ ಇನ್ನೂ ಜಾಸ್ತಿ ವಿಚಾರಿಸ್ತಿದ್ದೆ.”

ಅವನು ಹಲ್ಲು ಕಚ್ಚಿ ಹೇಳಿದ. ಹೆಂಡತಿ ತೀರಿಕೊಂಡು ಆರು ವರ್ಷ. ಜೊತೆಗಿರುವವನು ಅಣ್ಣ ಆರ್ವಿಲ್, ಎಪ್ಪತ್ತನಾಲ್ಕು ವರ್ಷ. ಎರಡು ವರ್ಷದಿಂದ ಅವನ ನೆನಪು ಕರಗುತ್ತಿದೆ. ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತಾನೆ, ಮನೆಯೆಲ್ಲ ತಿರುಗುತ್ತಾನೆ, ಕರೆದರೆ ಓಗೊಡುವುದಿಲ್ಲ. ಅಕ್ಕಪಕ್ಕದ ಎರಡು ಮನೆಗಳ ಹಿತ್ತಿಲ ಕೊಟ್ಟಿಗೆಗಳಲ್ಲಿ ಕಳ್ಳತನವಾಗಿದೆ. ತನಗೂ ವಯಸ್ಸಾಯಿತು, ಕತ್ತಲಲ್ಲಿ ಕಣ್ಣು ಮೊದಲಿನಂತಿಲ್ಲ.

ಡೆಲ್ಫಿಯಾ ಮೂರನೆಯ ದೀಪವನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

“ಹಂಗಾದ್ರೆ ಇವತ್ತು ಇದನ್ನ ಕೊಡಲ್ಲ.”

ವೆಲ್ಡನ್‌ಗೆ ಮೈಯೆಲ್ಲ ಉರಿಯಿತು. ತನ್ನ ದುಡ್ಡು, ತನ್ನ ಪಿಸ್ತೂಲು, ತನ್ನ ಮನೆ. ಸರ್ಕಾರ ಕೇಳದ ಪ್ರಶ್ನೆಯನ್ನು ಅಂಗಡಿಯ ಆಳು ಕೇಳುತ್ತಾಳೆ. “ಕೊಡಲ್ಲ ಅನ್ನೋಕೆ ನೀನ್ಯಾರಮ್ಮ?”

“ಕೋಪ ಆಮೇಲೆ ಮಾಡ್ಕೊಳ್ಳಿ. ಐದು ನಿಮಿಷ ಬನ್ನಿ.”

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಸಾಮಾನಿನ ಕೋಣೆ. ಅವಳು ಅವನ ಕೈಗೆ ನೀಲಿ ಪ್ಲಾಸ್ಟಿಕ್ಕಿನ ಹುಸಿ ಪಿಸ್ತೂಲು ಕೊಟ್ಟಳು. ಅದರ ಮೂತಿಯ ಕೆಳಗೆ ಅಂಥದೇ ದೀಪ ಸಿಕ್ಕಿಸಿತ್ತು. “ನಾನು ಒಳಗೆ ಹೋಗಿ ಬಾಗಿಲು ಹಾಕ್ಕೋತೀನಿ. ಹತ್ತು ಎಣಿಸಿ ಬನ್ನಿ. ಒಳಗೇನಿದೆ ನೋಡಿ ಹೇಳಿ, ಅಷ್ಟೇ.”

ಅವನು ಎಣಿಸಿದ, ಒಳಗೆ ಹೋದ, ಬೆರಳಿನಿಂದ ಗುಂಡಿ ಒತ್ತಿದ. ಬೆಳಕಿನ ವೃತ್ತ ಪೆಟ್ಟಿಗೆಗಳ ಮೇಲೆ ಹರಿದು, ಒಂದು ಮಡಚುವ ಕುರ್ಚಿಯ ಮೇಲೆ ಬಂದು ನಿಂತಿತು. ಕುರ್ಚಿಯಲ್ಲಿ ಡೆಲ್ಫಿಯಾ ಕೈಕಟ್ಟಿ ಕೂತಿದ್ದಳು. ಬೆಳಕು ಅವಳ ಹೆಸರಿನ ಬಿಲ್ಲೆಯ ಮೇಲೆ ಬಿದ್ದಿತ್ತು.

“ಏನ್ ಕಾಣ್ತು?”

“ನೀನೇ.”

“ನಾನು ಯಾರು ಅಂತ ನೋಡೋಕೆ ನನ್ನೆದೆಗೆ ಪಿಸ್ತೂಲು ಹಿಡಿದ್ರಿ. ನೋಡಿದ್ಮೇಲೆ ಹಿಡಿದಿದ್ದಲ್ಲ, ನೋಡೋಕೇ ಅಂತ ಹಿಡಿದ್ರಿ.”

“ಕತ್ಲಲ್ಲಿ ಬಚ್ಚಿಟ್ಕೊಂಡು ಕೂತು ಮೋಸ ಮಾಡಿದ್ದಲ್ದೆ ಬುದ್ಧಿ ಬೇರೆ ಹೇಳ್ತೀಯಾ?”

“ನಾನೇನು ಬಚ್ಚಿಟ್ಕೊಂಡಿಲ್ಲ. ಕುರ್ಚಿ ಮೇಲೆ ಕೂತಿದೀನಿ. ನಿಮ್ಮಣ್ಣನೂ ಹಿಂಗೇ ಕೂತಿರ್ತಾರೆ.”

ಅವಳು ಕೋಣೆಯ ದೀಪದ ಸ್ವಿಚ್ಚು ಹಾಕಿದಳು. ಆಮೇಲೆ, ಸಾಮಾನಿನ ಪಟ್ಟಿ ಓದುವ ದನಿಯಲ್ಲಿ, ತನ್ನ ಕಥೆ ಹೇಳಿದಳು. ಮೂರು ವರ್ಷದ ಹಿಂದೆ ಮಂಜುಗಡ್ಡೆಯ ಮಳೆ ಬಿದ್ದು ಕಂಬಗಳು ಉರುಳಿದಾಗ ಊರಿಗೇ ಕರೆಂಟು ಇರಲಿಲ್ಲ. ಮುಸ್ಸಂಜೆ, ಹಿಂಬಾಗಿಲು ಕಿರ್ ಅಂದಿತು. ಕೈಗೆ ಹತ್ತಿರ ಇದ್ದ ಬೆಳಕು ಪಿಸ್ತೂಲಿನದೊಂದೇ. ಎತ್ತಿ ಹಿಡಿದಳು. ಬೆಳಕಿನ ನಟ್ಟನಡುವೆ ತಂಗಿ ರೂತಾನಾ, ಕೈಯಲ್ಲಿ ಹುರುಳಿಕಾಯಿ ಬೀಜದ ಸಾರಿನ ಪಾತ್ರೆ. ಅಕ್ಕನ ಮನೆಯಲ್ಲಿ ಒಲೆ ಹತ್ತಿರಲಿಕ್ಕಿಲ್ಲ ಎಂದು ತಂದಿದ್ದಳು. ರೂತಾನಾ ಕಿರುಚಲಿಲ್ಲ. ಪಾತ್ರೆಯನ್ನು ನಿಧಾನಕ್ಕೆ ನೆಲದ ಮೇಲೆ ಇಟ್ಟಳು, ತಿರುಗಿ ಮಂಜಿನ ಮೇಲೆ ನಡೆದು ಹೋದಳು. ಮತ್ತೆ ಬಂದಿಲ್ಲ.

“ಕೂಗಿ ಬರ್ಬೇಕಿತ್ತು ಅವಳು,” ಎಂದ ವೆಲ್ಡನ್. ಆ ಕಣಿವೆಗಳಲ್ಲಿ ಯಾರ ಮನೆಗಾದರೂ ಹೋಗುವವರು ಅಂಗಳದಿಂದಲೇ ಕೂಗಿ ಹೆಸರು ಹೇಳಿ, ಒಳಗಿನಿಂದ ದನಿ ಬಂದ ಮೇಲೆ ಮೆಟ್ಟಿಲು ಹತ್ತುವುದು ಅಜ್ಜಂದಿರ ಕಾಲದ ರೂಢಿ.

“ಕೂಗೋರು ಪರರು. ಒಡಹುಟ್ಟಿದೋಳು ಯಾಕ್ ಕೂಗ್ತಾಳೆ? ಕೂಗ್ದೆ ಒಳಗ್ ಬರೋನು ಒಂದೋ ಕಳ್ಳ, ಇಲ್ಲಾ ನಮ್ಮೋನೇ. ಅದನ್ನ ನಾವೆಲ್ರೂ ಮರೀತೀವಿ.”

ಅವಳು ಸಾಧಾರಣವಾದ ಒಂದು ಕೈಟಾರ್ಚು ತಂದು ಅವನ ಮುಂದಿಟ್ಟಳು. “ಎರಡು ಬೆರಳಲ್ಲಿ ಹಿಡೀರಿ, ಬೆಳಕು ಮೊದಲು ನೆಲಕ್ಕೆ. ಕಾಲು ನೋಡಿ, ಆಮೇಲೆ ಮೇಲೆ ಬನ್ನಿ. ಒಂದು ತಿಂಗಳು ಇದು ಸದಾ ಜೇಬಲ್ಲಿರ್ಲಿ. ಆಮೇಲೂ ಪಿಸ್ತೂಲಿನ ದೀಪ ಬೇಕು ಅನ್ಸಿದ್ರೆ ಬನ್ನಿ, ಒರೆ ಸಮೇತ ನಾನೇ ಕೂರಿಸ್ಕೊಡ್ತೀನಿ.”

ನಲವತ್ತು ನಿಮಿಷದ ದಾರಿ ದಂಡವಾಗಬಾರದೆಂದು ವೆಲ್ಡನ್ ಅದನ್ನು ಕೊಂಡ. ಮನೆ ಮುಟ್ಟುವವರೆಗೂ ಗಾಡಿಯೊಳಗೆ ಅವಳನ್ನು ಬೈದ. ಮರುವಾರ ಜಿಲ್ಲಾ ಪಟ್ಟಣಕ್ಕೆ ಹೋಗಿ ಎಲ್ಲಕ್ಕಿಂತ ಜೋರಿನದನ್ನೇ ತರುತ್ತೇನೆ ಎಂದು ಆರ್ವಿಲ್‌ಗೆ ಹೇಳಿದ. ಆರ್ವಿಲ್ ಅವನನ್ನು ತಮ್ಮಿಬ್ಬರ ಅಪ್ಪ ಎಂದುಕೊಂಡು, “ಹೂಂ ಅಪ್ಪಾ, ಹೋಗಿ ಬಾ,” ಎಂದ.

ಪಟ್ಟಣಕ್ಕೆ ಹೋಗುವುದು ಮುಂದೆ ಬಿತ್ತು. ನವೆಂಬರ್ ಮೊದಲ ವಾರ ದೊಡ್ಡ ಗಾಳಿ ಎದ್ದಿತು. ಸಂಜೆ ಐದೂವರೆಗೆ ಕರೆಂಟು ಹೋಯಿತು. ಆರ್ವಿಲ್ ಒರಗು ಕುರ್ಚಿಯಲ್ಲಿ ಮಲಗಿದ್ದಾನೆಂದು ವೆಲ್ಡನ್‌ಗೆ ಖಾತ್ರಿಯಿತ್ತು, ಹೊದಿಕೆಯ ಗುಪ್ಪೆ ಅಲ್ಲೇ ಕಾಣುತ್ತಿತ್ತು. ಹಿಂದಿನ ಜಗುಲಿಯಲ್ಲಿ ಏನೋ ಲೋಹ ಉರುಳಿದ ಸದ್ದು. ಆಮೇಲೆ ಹಲಗೆಯ ಮೇಲೆ ಭಾರವಾದ ಹೆಜ್ಜೆ. ವೆಲ್ಡನ್ ಮೇಜಿನ ಖಾನೆಯಿಂದ ಪಿಸ್ತೂಲು ತೆಗೆದ. ಗುಂಡು ತುಂಬಿಯೇ ಇತ್ತು. ಅಂಗಳದಿಂದ ಯಾರೂ ಕೂಗಿರಲಿಲ್ಲ. “ಯಾರದು?” ಎಂದು ಎರಡು ಸಲ ಕೇಳಿದ. ಉತ್ತರವಿಲ್ಲ. ಪಿಸ್ತೂಲಿನಲ್ಲಿ ದೀಪವಿರಲಿಲ್ಲವಾದ್ದರಿಂದ ಎಡಗೈಯ ಪಿಸ್ತೂಲನ್ನು ತೊಡೆಗೆ ಒತ್ತಿ ಹಿಡಿದು, ಬಲಗೈಯಿಂದ ಜೇಬಿನ ಟಾರ್ಚು ತೆಗೆದು, ಬಾಗಿಲ ಸಂದಿಯಿಂದ ಹಲಗೆಯ ಮೇಲೆ ಬೆಳಕು ಬಿಟ್ಟ.

ಮೊದಲು ಕಂಡದ್ದು ಕಾಲ್ಚೀಲ. ಒಂದು ಕಂದು, ಒಂದು ಕೆಂಪು. ಬೆಳಿಗ್ಗೆ ತಾನೇ ತೊಡಿಸಿದ್ದ, ಜೋಡಿ ಸಿಗಲಿಲ್ಲವೆಂದು.

ಆರ್ವಿಲ್ ಕೈಯಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತಿದ್ದ. “ಅಪ್ಪಾ, ಕೋಳಿಗೆ ಕಾಳು ಹಾಕಾಯ್ತು,” ಎಂದ. ಅವರ ಮನೆಯಲ್ಲಿ ಕೋಳಿ ಇಲ್ಲದೆ ನಲವತ್ತು ವರ್ಷವಾಗಿತ್ತು.

ವೆಲ್ಡನ್ ಪಿಸ್ತೂಲನ್ನು ಖಾನೆಗೆ ಹಾಕಿ ಬೀಗ ಜಡಿದು, ಅಣ್ಣನ ಕೈ ಹಿಡಿದು ಒಳಗೆ ಕೂರಿಸಿದ. ಬಕೆಟ್ಟನ್ನು ಅವನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟ. ತಾನು ಕೇಳಿದ ದೀಪ ಅವತ್ತು ಸಿಕ್ಕಿದ್ದರೆ ಬೆಳಕು ಮೊದಲು ಎಲ್ಲಿ ಬೀಳುತ್ತಿತ್ತು ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಮರುದಿನವೇ ಆರ್ವಿಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದ. ಸ್ಟೂಲಿನ ಮೇಲೆ ಮಾಲೀಕ ಗಾರ್ನೆಟ್ಟೇ ಕೂತಿದ್ದ.

“ಡೆಲ್ಫಿಯಾ ಎಲ್ಲಿ?”

“ಕೆಲಸದಿಂದ ಕಳಿಸ್ದೆ. ಒಂದೇ ತಿಂಗಳಲ್ಲಿ ಹನ್ನೊಂದು ಗಿರಾಕಿ ವಾಪಸ್ ಕಳ್ಸಿದ್ಲು ಕಣಣ್ಣ. ನಾನು ಅಂಗಡಿ ಇಟ್ಟಿರೋದು ಮಾರೋಕೆ. ಉಪದೇಶಕ್ಕೆ ಪಾದ್ರಿ ಇದಾರಲ್ಲ? ನಿಂಗೂ ಕೊಡ್ಲಿಲ್ವಂತೆ. ತಗೋ, ಆ ಜೋರಿಂದನ್ನ ಕಡಿಮೆಗೆ ಹಾಕ್ಕೊಡ್ತೀನಿ.”

ವೆಲ್ಡನ್ ಡಬ್ಬಿಯನ್ನು ಕೈಗೆತ್ತಿಕೊಂಡ. ಮೇಲೆ ಕತ್ತಲ ಹಜಾರದ ಚಿತ್ರ, ಚೂಪು ಬೆಳಕಿನಲ್ಲಿ ಮುಸುಕು ಹಾಕಿದ ಒಬ್ಬ ಕಳ್ಳ.

“ಈ ಚಿತ್ರ ನೋಡಿದ್ಯಾ ಗಾರ್ನೆಟ್? ಇದನ್ನ ಬರ್ದೋನಿಗೆ ಅಣ್ಣ ಇಲ್ವಾ? ಅಮ್ಮ ಇಲ್ವಾ? ಹಜಾರದಲ್ಲಿ ಯಾವಾಗ್ಲೂ ಕಳ್ಳನೇ ನಿಂತಿರ್ತಾನಾ?”

“ಅದು ಬರೀ ಚಿತ್ರ ಕಣಣ್ಣ. ಏನೂ ಆಗಿಲ್ವಲ್ಲ ನಿಮ್ಮನೇಲಿ?”

“ಆಗಿಲ್ಲ. ಅವಳಿಂದಾಗಿ ಆಗಿಲ್ಲ. ಅಲ್ನೋಡು, ನಮ್ಮಣ್ಣ ಗಾಡೀಲಿ ಕೂತಿದಾನೆ. ಬಂದು ಮಾತಾಡ್ಸು. ಆ ಹನ್ನೊಂದು ಮನೇಲೂ ಯಾರ್ ಯಾರ್ ಕೂತಿದಾರೆ, ನಿಂಗೊತ್ತಾ? ಅವಳಿಗೊತ್ತಿತ್ತು. ಕೇಳಿ ತಿಳ್ಕೊಂಡಿದ್ಲು. ಅದಕ್ಕೇ ತಾನೆ ನೀನು ಅವಳನ್ನ ಕಳಿಸಿದ್ದು?”

ಗಾರ್ನೆಟ್ ಕಿಟಕಿಯತ್ತ ನೋಡಲೂ ಇಲ್ಲ. ಬೇರೆ ಗಿರಾಕಿ ಬಂದನೆಂದು ಎದ್ದು ಹೋದ. ವೆಲ್ಡನ್ ಆ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಸಿಕ್ಕವರಿಗೆಲ್ಲ ಹೇಳಿದ, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತೂ ಹೇಳಿದ. ಅರ್ಧ ಜನ ತಲೆಯಾಡಿಸಿದರು, ಇನ್ನರ್ಧ ಜನ ‘ಹೆಂಗಸಿನ ಮಾತು ಕೇಳಿ ಮೆತ್ತಗಾದ’ ಎಂದು ನಕ್ಕರು.

ಡೆಲ್ಫಿಯಾ ಸಿಕ್ಕಿದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇವಿನ ಅಂಗಡಿಯಲ್ಲಿ, ಹಂದಿಯ ಮೇವಿನ ಮೂಟೆಗಳ ನಡುವೆ. ವೆಲ್ಡನ್ ಕಾಲ್ಚೀಲದ ಸಂಗತಿ ಹೇಳಿದ. ಅವಳು ಮೂಟೆಯ ಮೇಲೆ ಕೂತು, ಕನ್ನಡಕ ತೆಗೆದು, ಕೊನೆಯವರೆಗೂ ಕೇಳಿಸಿಕೊಂಡಳು.

“ಪಿಸ್ತೂಲಿನ ದೀಪ ಬೇಕಾ ಈಗ?”

“ಬೇಡ. ಆರ್ವಿಲ್ ಇರೋವರೆಗೂ ಬೇಡ. ಜಗುಲಿಗೆ ತಾನಾಗೇ ಹತ್ತೋ ದೀಪ ಹಾಕ್ಸಿದೀನಿ. ಆದ್ರೆ ಕೆಲಸ ಕಳ್ಕೊಂಡು ಸುಮ್ನೆ ಹಿಂಗೆ ಕೂತ್ಬಿಟ್ಯಲ್ಲ ತಾಯಿ, ನಿಂಗೆ ಸಿಟ್ಟೇ ಬರಲ್ವಾ?”

“ಬರುತ್ತೆ. ದಿನಾ ಬರುತ್ತೆ. ಹೇಳಿದ್ರೆ ಕೇಳೋರ್ ಎಲ್ಲಿದಾರೆ?”

ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ವೆಲ್ಡನ್ ಇಪ್ಪತ್ತು ವರ್ಷ ಇದ್ದವನು. ಆ ದಳದ ಸಭಾಂಗಣದ ಒಂದು ಬೀಗದ ಕೈ ಅವನ ಬಳಿಯೂ ಇತ್ತು. ಶನಿವಾರ ಅಲ್ಲಿ ಬಂದು ಹೇಳು, ಕೇಳೋರನ್ನ ನಾನು ಕರೀತೀನಿ ಎಂದ. ಮೊದಲ ಶನಿವಾರ ನಾಲ್ಕು ಜನ ಬಂದರು. ಅದರಲ್ಲಿ ಇಬ್ಬರು ಗಾರ್ನೆಟ್‌ನ ಅಂಗಡಿಯಲ್ಲಿ ದೀಪ ಕೊಂಡಾಗಿದ್ದವರು. ಹಜಾರದ ಚಿತ್ರದ ಡಬ್ಬಿ ಹಿಡಿದುಕೊಂಡೇ ಬಂದಿದ್ದರು.

ಡೆಲ್ಫಿಯಾ ಈಗ ವಾರದ ಐದು ದಿನ ಮೇವಿನ ಅಂಗಡಿಯಲ್ಲಿ ದುಡಿಯುತ್ತಾಳೆ. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ಯಾವ ಪಿಸ್ತೂಲಿಗೆ ಯಾವ ದೀಪ ಸರಿ, ಯಾರ ಮನೆಗೆ ಯಾವುದೂ ಬೇಡ ಎಂಬುದನ್ನು ಬಂದವರಿಗೆ ಹೇಳಿಕೊಡುತ್ತಾಳೆ.